ಸಕ್ಕರೆ ಗುಳಿಗೆ ಮತ್ತು ಸರ್ಕಾರಿ ಆಸ್ಪತ್ರೆ: ಔಷಧ ಕೊಡುವವರು ಕಲಿಯಬೇಕಾದದ್ದು

(ಹರಿಯಬ್ಬೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಜನರ ಆರೋಗ್ಯಕ್ಕೆ ಸಂಬಂಧಪಟ್ಟ ಒಂದು ವಿಷಯವನ್ನು ಊರಿನ ಜನರೆದುರೇ ಕನ್ನಡದಲ್ಲಿ ಮಾತಾಡಬೇಕು ಎಂಬುದು ಈ ದತ್ತಿಯ ಆಶಯ ಎಂದು ಕೇಳಿದಾಗ ನನಗೆ ತುಂಬಾ ಸಂತೋಷವಾಯಿತು. ಔಷಧದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗಳೆಲ್ಲ ಬೆಂಗಳೂರಿನ ಸಭಾಂಗಣಗಳಲ್ಲೇ ಮುಗಿದುಹೋಗುತ್ತವೆ. ಔಷಧ ತಿನ್ನುವವರು ಮಾತ್ರ ಇಲ್ಲಿರುತ್ತಾರೆ.

ನಾನು ಡಾಕ್ಟರಲ್ಲ. ಸರ್ಕಾರಿ ಆಸ್ಪತ್ರೆಗಳ ಔಷಧ ವಿತರಣೆಯ ಕಿಟಕಿಯ ಹಿಂದೆ ನಿಂತು ನೌಕರಿ ಮುಗಿಸಿದವನು. ನಡುವೆ ಒಂದಿಷ್ಟು ಕಾಲ ಡಿ.ಫಾರ್ಮ ಹುಡುಗರಿಗೆ ಪಾಠವನ್ನೂ ಹೇಳಿದ್ದೇನೆ. ಆ ಕಿಟಕಿಗೆ ಬರುವ ಪ್ರಶ್ನೆಗಳು ಬಹಳ ಸರಳವಾಗಿರುತ್ತವೆ. ಊಟಕ್ಕೆ ಮೊದಲೋ ಆಮೇಲೋ? ನೀರಲ್ಲೋ ಹಾಲಲ್ಲೋ? ಇವಕ್ಕೆಲ್ಲ ಉತ್ತರ ಹೇಳಬಹುದು. ಆದರೆ ಒಂದು ಕೈಯಲ್ಲಿ ಬಿಪಿ ಮಾತ್ರೆಯ ಸ್ಟ್ರಿಪ್ಪು, ಇನ್ನೊಂದು ಕೈಯಲ್ಲಿ ಹೋಮಿಯೋಪತಿಯ ಬಿಳಿ ಗುಳಿಗೆಗಳ ಪುಟ್ಟ ಬಾಟಲಿ ಹಿಡಿದು ಬಂದ ತಾಯಿಯೊಬ್ಬರು, "ಇದನ್ನ ತಗೊಂತಾ ಇದೀನಿ ಕಣಪ್ಪಾ, ಅದನ್ನ ಬಿಡಬೌದಾ?" ಎಂದು ಕೇಳಿದರೆ, ಕಿಟಕಿಯ ಈಚೆ ನಿಂತವನ ಬಾಯಿ ಕಟ್ಟಿಹೋಗುತ್ತದೆ. ಅವನಿಗೆ ಯಾರೂ ಅದನ್ನು ಕಲಿಸಿರುವುದಿಲ್ಲ. "ಬಿಡಬೇಡಿ" ಎಂದು ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ಕರ್ನಾಟಕದಲ್ಲಿ ಹೋಮಿಯೋಪತಿಯ ಮಾತು ತೆಗೆದರೆ ಮಂಗಳೂರಿನ ಕಂಕನಾಡಿಗೆ ಹೋಗಲೇಬೇಕು. ಜರ್ಮನಿಯ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1878ರ ಕೊನೆಗೆ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯ ಒಂದು ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿದರು. ಜನ ಬಂದರು. ಬರುವವರಲ್ಲಿ ಕುಷ್ಠರೋಗಿಗಳೂ ಇದ್ದರು. ಊರು ಅವರನ್ನು ಹೊರಗೆ ಹಾಕಿತ್ತು. 1890ರಲ್ಲಿ ಮುಲ್ಲರ್ ಈ ರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದರು. ಪ್ಲೇಗು ಬಂದಾಗ, 1902ರಲ್ಲಿ, ಪ್ಲೇಗು ರೋಗಿಗಳಿಗೆಂದೇ ಇನ್ನೊಂದು ಆಸ್ಪತ್ರೆ. ಕಂಕನಾಡಿಯಲ್ಲಿ ತಯಾರಾದ ಔಷಧ ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಹೋಗುತ್ತಿತ್ತು. 1910ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯಲ್ಲಿ ಇಂದು ಹೋಮಿಯೋಪತಿ ಕಾಲೇಜೂ ಇದೆ, ಎಂ.ಬಿ.ಬಿ.ಎಸ್. ಕಲಿಸುವ ದೊಡ್ಡ ವೈದ್ಯಕೀಯ ಕಾಲೇಜೂ ಇದೆ.

ಮುಲ್ಲರ್ ಅವರ ಕೆಲಸವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಆ ಕಾಲದಲ್ಲಿ ಕುಷ್ಠರೋಗಿಯ ಹತ್ತಿರ ಹೋಗಿ ಕೂರುವವರು, ಹುಣ್ಣು ತೊಳೆಯುವವರು, ಮಲಗಲು ಹಾಸಿಗೆ ಕೊಡುವವರು ಎಷ್ಟು ಜನ ಇದ್ದರು? ಪ್ಲೇಗು ಬಂದ ಊರಿನವರು ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ದಿನಗಳು ಅವು. ಅಂಥ ಹೊತ್ತಿನಲ್ಲಿ ರೋಗಿಗೆ ಆಸರೆ, ಊಟ, ಶುಚಿಯಾದ ನೀರು, ಕೈಹಿಡಿಯುವ ಜನ ಸಿಕ್ಕಿದರಲ್ಲ, ಅದು ನಿಜವಾದ ಚಿಕಿತ್ಸೆ. ಬಾಟಲಿಯ ಒಳಗಿನ ಗುಳಿಗೆ ಕುಷ್ಠವನ್ನು ಗುಣಪಡಿಸಲಿಲ್ಲ. ಅದಕ್ಕೆ ಡ್ಯಾಪ್ಸೋನ್ ಬರಬೇಕಾಯಿತು, ಆಮೇಲೆ 1980ರ ದಶಕದಲ್ಲಿ ಬಹು ಔಷಧ ಚಿಕಿತ್ಸೆ ಬರಬೇಕಾಯಿತು. ಆ ಸೇವೆ, ಗುಳಿಗೆಯ ಈ ಮಿತಿ, ಎರಡನ್ನೂ ಒಟ್ಟಿಗೆ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಮುಲ್ಲರ್ ಅವರಿಗೂ ಅನ್ಯಾಯ, ರೋಗಿಗೂ ಅನ್ಯಾಯ.

ಹೋಮಿಯೋಪತಿ ಹುಟ್ಟಿದ ಕಾಲವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸ್ಯಾಮ್ಯುಯೆಲ್ ಹಾನಿಮನ್ (1755–1843) ಜರ್ಮನಿಯ ವೈದ್ಯ. ಅಂದಿನ ವೈದ್ಯರು ಜ್ವರಕ್ಕೆ ರಕ್ತ ಹರಿಸುತ್ತಿದ್ದರು, ಪಾದರಸ ಕುಡಿಸುತ್ತಿದ್ದರು, ವಾಂತಿ ಭೇದಿ ಮಾಡಿಸುತ್ತಿದ್ದರು. ಇದನ್ನು ನೋಡಿ ಬೇಸತ್ತು ಹಾನಿಮನ್ ವೃತ್ತಿಯನ್ನೇ ಬಿಟ್ಟು ಅನುವಾದ ಮಾಡಿ ಬದುಕುತ್ತಿದ್ದರು. 1790ರಲ್ಲಿ ಸ್ಕಾಟ್ಲೆಂಡಿನ ಕಲೆನ್ ಬರೆದ ಔಷಧ ಗ್ರಂಥವನ್ನು ಅನುವಾದಿಸುವಾಗ, ಸಿಂಕೋನಾ ತೊಗಟೆ ಮಲೇರಿಯಾಕ್ಕೆ ಯಾಕೆ ಕೆಲಸ ಮಾಡುತ್ತದೆ ಎಂಬ ವಿವರಣೆ ಅವರಿಗೆ ಒಪ್ಪಿಗೆಯಾಗಲಿಲ್ಲ. ತಾವೇ ಆ ತೊಗಟೆ ತಿಂದು ನೋಡಿದರು. ಮೈ ನಡುಗಿತು, ಜ್ವರದ ಲಕ್ಷಣಗಳೇ ಕಾಣಿಸಿದವು. ಆರೋಗ್ಯವಂತನಲ್ಲಿ ಯಾವ ಲಕ್ಷಣ ಹುಟ್ಟಿಸುತ್ತದೋ ಅದೇ ಲಕ್ಷಣದ ರೋಗವನ್ನು ಆ ವಸ್ತು ಕಳೆಯುತ್ತದೆ ಎಂಬ ತತ್ವ ಅಲ್ಲಿಂದ ಬಂತು. 1810ರಲ್ಲಿ ಅವರ 'ಆರ್ಗನಾನ್' ಗ್ರಂಥ ಪ್ರಕಟವಾಯಿತು.

ಅವರ ಕ್ರಮಕ್ಕೆ ಹೆಸರು ಬಂದದ್ದು ಕಾಲರಾದ ಕಾಲದಲ್ಲಿ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಎದ್ದಾಗ ಅಲ್ಲಿನ ಹೋಮಿಯೋಪತಿ ಆಸ್ಪತ್ರೆಗೆ ಸೇರಿದವರಲ್ಲಿ ನೂರಕ್ಕೆ ಸುಮಾರು 16 ಮಂದಿ ತೀರಿಕೊಂಡರೆ, ಹತ್ತಿರದ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ನೂರಕ್ಕೆ ಐವತ್ತಕ್ಕೂ ಹೆಚ್ಚು ಮಂದಿ ಹೋದರು. ಹೋಮಿಯೋಪತಿಯನ್ನು ನಂಬುವವರು ಈ ಅಂಕಿಯನ್ನು ಇಂದಿಗೂ ಹೇಳುತ್ತಾರೆ. ಅಂಕಿ ಸುಳ್ಳಲ್ಲ. ಆದರೆ ಒಂದು ಕಡೆ ಮೈಯ ನೀರೆಲ್ಲ ಹರಿದುಹೋಗುತ್ತಿದ್ದ ರೋಗಿಗೆ ಇನ್ನಷ್ಟು ರಕ್ತ ತೆಗೆದು, ಪಾದರಸದ ಭೇದಿ ಔಷಧ ಕೊಡುತ್ತಿದ್ದರು. ಇನ್ನೊಂದು ಕಡೆ ಹಾನಿ ಮಾಡದ ಔಷಧ ಕೊಟ್ಟು, ಆರೈಕೆ ಮಾಡುತ್ತಿದ್ದರು. ಸುಮ್ಮನಿದ್ದುದೇ ಆವತ್ತು ಮೇಲಾಗಿತ್ತು. ಹಾನಿಮನ್ ವೈದ್ಯಕ್ಕೆ ಕಲಿಸಿದ ದೊಡ್ಡ ಪಾಠ ಅದು, ಮತ್ತು ಅದನ್ನು ವೈದ್ಯ ಜಗತ್ತು ಕಲಿಯಿತು. ಮುಂದೆ 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ, ನೀರು ಬೆರೆಸಿ ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದರು. ಇಂದು ನಿಮ್ಮ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓ.ಆರ್.ಎಸ್. ಪೊಟ್ಟಣ ಅದೇ. ಅದು ಬಂದ ಮೇಲೆ ಸುಮ್ಮನಿರುವುದು ಮೇಲಲ್ಲ. ಭೇದಿಯಾಗುತ್ತಿರುವ ಕೂಸಿಗೆ ಓ.ಆರ್.ಎಸ್. ಕೊಡದೆ ಗುಳಿಗೆ ಮಾತ್ರ ಕೊಟ್ಟು ಕಾದು ಕುಳಿತರೆ ಅದು ಪ್ರಾಣದ ಪ್ರಶ್ನೆ. ಶಿಶುಗಳ ಭೇದಿ, ಕ್ಷಯ, ಮಲೇರಿಯಾ, ಎಚ್.ಐ.ವಿ. ಇಂಥವಕ್ಕೆ ಹೋಮಿಯೋಪತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2009ರಲ್ಲಿ ಹೇಳಿದ್ದು ಈ ಕಾರಣಕ್ಕೆ.

ಈಗ ಬಾಟಲಿಯ ಒಳಗೆ ಏನಿದೆ ಎಂದು ನೋಡೋಣ. ಫಾರ್ಮಸಿ ಕಲಿಯುವ ಹುಡುಗರಿಗೆ ಇದು ಮೊದಲು ಗೊತ್ತಾಗಬೇಕು. ಹೋಮಿಯೋಪತಿಯಲ್ಲಿ ಮೊದಲು ಮೂಲವಸ್ತುವನ್ನು ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಅದೇ ಮದರ್ ಟಿಂಕ್ಚರ್. ಇದರಲ್ಲಿ ವಸ್ತು ನಿಜವಾಗಿಯೂ ಇರುತ್ತದೆ. ನಮ್ಮ ಹೊಲದ ಬದುಗಳಲ್ಲಿ ಸಿಗುವ ಎಕ್ಕ, ಬೇವು, ನೇರಳೆ, ತೊಂಡೆ, ಆಡುಸೋಗೆ, ಒಂದೆಲಗ ಎಲ್ಲವೂ ಇಂಥ ಮೂಲವಸ್ತುಗಳ ಪಟ್ಟಿಯಲ್ಲಿವೆ. 'ನಕ್ಸ್ ವಾಮಿಕಾ' ಎಂದು ಬಾಟಲಿಯ ಮೇಲೆ ಬರೆದಿರುವುದು ನಮ್ಮ ಕಾಸರಕ. ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಭಯಂಕರ ವಿಷವಿದೆ. ಮದರ್ ಟಿಂಕ್ಚರನ್ನು ಒಂದು ಪಾಲು ತೆಗೆದು 99 ಪಾಲು ಆಲ್ಕೋಹಾಲಿಗೆ ಸೇರಿಸಿ ಬಲವಾಗಿ ಕುಲುಕಿದರೆ 1ಸಿ. ಅದರ ಒಂದು ಪಾಲನ್ನು ಮತ್ತೆ 99 ಪಾಲಿಗೆ ಸೇರಿಸಿದರೆ 2ಸಿ. ಹೀಗೆ ಮೂವತ್ತು ಸಲ ಮಾಡಿದರೆ 30ಸಿ. ಅಂಗಡಿಗಳಲ್ಲಿ ಹೆಚ್ಚು ಕಾಣುವುದು 30, ಅದರ ಮೇಲೆ 200.

ಇದರ ಅಳತೆ ಮನಸ್ಸಿಗೆ ಹಿಡಿಯಬೇಕಾದರೆ ಮಾರಿ ಕಣಿವೆಯ ಜಲಾಶಯವನ್ನೇ ನೆನೆಯೋಣ. 1907ರಲ್ಲಿ ಕಟ್ಟಿ ಮುಗಿದ ನಮ್ಮ ವಾಣಿ ವಿಲಾಸ ಸಾಗರಕ್ಕೆ ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುತ್ತದೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನೀವೆಲ್ಲ ನೋಡಿ ಬಂದಿದ್ದೀರಿ. ಹಾಗೆ ತುಂಬಿ ನಿಂತ ಸಾಗರಕ್ಕೆ ಒಂದೇ ಒಂದು ಹನಿ ಬಿಟ್ಟು ಇಡೀ ನೀರಿಗೆ ಬೆರೆಸಿದರೆ ಆಗುವುದು ಹೆಚ್ಚು ಕಡಿಮೆ 8ಸಿ. ಅದರಿಂದ ಒಂದು ಹನಿ ತೆಗೆದು ಅಷ್ಟೇ ದೊಡ್ಡ ಇನ್ನೊಂದು ಜಲಾಶಯಕ್ಕೆ, ಅದರಿಂದ ಒಂದು ಹನಿ ಮೂರನೆಯದಕ್ಕೆ ಬಿಟ್ಟರೆ 24ಸಿ. 30ಸಿ ಇನ್ನೂ ಆಚೆಗಿದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ 12ಸಿ ದಾಟಿದರೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವೆಂದೇ ಹೇಳಬೇಕು. ಅಂದರೆ 30ಸಿ ಗುಳಿಗೆಯಲ್ಲಿ ಇರುವುದು ಸಕ್ಕರೆ.

ಅಣು ಇಲ್ಲದಿದ್ದರೂ ಗುಣವಿದೆ ಎಂದು ಹೋಮಿಯೋಪತಿಯವರು ವಾದಿಸುತ್ತಾರೆ. ವಾದವನ್ನು ವಾದದಿಂದ ತೀರ್ಮಾನಿಸಲಾಗದು. ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡಬೇಕು. ನೋಡಿದ್ದಾರೆ. 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ, ದೊಡ್ಡದಾಗಿಯೂ ಸರಿಯಾಗಿಯೂ ನಡೆಸಿದ ಪರೀಕ್ಷೆಗಳಲ್ಲಿ ಹೋಮಿಯೋಪತಿಯ ಫಲ ಬರೀ ಸಕ್ಕರೆ ಗುಳಿಗೆಯ ಫಲಕ್ಕಿಂತ ಹೆಚ್ಚಿಲ್ಲ ಎಂದಿತು. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 61 ಕಾಯಿಲೆಗಳ ಮೇಲಿನ ಅಧ್ಯಯನಗಳನ್ನು ಜಾಲಾಡಿ, ಒಂದು ಕಾಯಿಲೆಗೂ ನೆಚ್ಚಿಕೊಳ್ಳುವಂಥ ಪುರಾವೆ ಇಲ್ಲ ಎಂದು ಹೇಳಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2017ರಲ್ಲಿ ಇದನ್ನು ಬರೆದುಕೊಡಬೇಡಿ ಎಂದು ತನ್ನ ವೈದ್ಯರಿಗೆ ಸೂಚಿಸಿತು. ಹೋಮಿಯೋಪತಿಗೆ ಗಟ್ಟಿ ನೆಲೆಯಿದ್ದ ಫ್ರಾನ್ಸು 2021ರಿಂದ ಸರ್ಕಾರಿ ವಿಮೆಯ ಹಣ ಕೊಡುವುದನ್ನು ನಿಲ್ಲಿಸಿತು. ಎಲ್ಲ ದೇಶಗಳೂ ಈ ದಾರಿ ಹಿಡಿದಿಲ್ಲ. ಸ್ವಿಟ್ಜರ್ಲೆಂಡ್ ಜನರ ಬೇಡಿಕೆಗೆ ಮಣಿದು ವಿಮೆಯಲ್ಲಿ ಉಳಿಸಿಕೊಂಡಿದೆ. ಆದರೆ ಜನರ ಬೇಡಿಕೆ ಬೇರೆ, ಔಷಧದ ಪುರಾವೆ ಬೇರೆ. ನನ್ನ ತಿಳಿವಳಿಕೆಯಲ್ಲಿ ಪುರಾವೆ ಯಾವ ಕಡೆಗಿದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ.

ಹಾಗಾದರೆ ಇಷ್ಟೊಂದು ಜನ ಯಾಕೆ ಹೋಗುತ್ತಾರೆ? ಅವರೇನು ದಡ್ಡರೇ? ಖಂಡಿತ ಅಲ್ಲ. ನಮ್ಮ ಕಡೆಯ ಊರುಗಳಲ್ಲಿ ಹಿಂದೆ ಮೇಷ್ಟ್ರೋ ಪೋಸ್ಟ್ ಮಾಸ್ಟರೋ ಮನೆಯಲ್ಲಿ ಒಂದು ಹೋಮಿಯೋಪತಿ ಪೆಟ್ಟಿಗೆ ಇಟ್ಟುಕೊಂಡಿರುತ್ತಿದ್ದರು. ಕೇಳಿದವರಿಗೆ ದುಡ್ಡಿಲ್ಲದೆ ಕೊಡುತ್ತಿದ್ದರು. ಡಾಕ್ಟರೇ ಇಲ್ಲದ ಕಡೆ ಅದೇ ಒಂದು ಆಸರೆ. 1961ರ ಹೋಮಿಯೋಪತಿ ವೈದ್ಯರ ಕಾಯ್ದೆಯ ಮೂಲಕ ನಮ್ಮ ರಾಜ್ಯದಲ್ಲಿ ನೋಂದಣಿ ವ್ಯವಸ್ಥೆ ಬಂತು. ಆಮೇಲೆ ಕಾಲೇಜುಗಳು ಬಂದವು. ಬೆಂಗಳೂರಿನಲ್ಲಿ ಸರ್ಕಾರಿ ಹೋಮಿಯೋಪತಿ ಕಾಲೇಜೇ ಇದೆ. ಇಂದು ಬಿ.ಎಚ್.ಎಂ.ಎಸ್. ಓದಿದ ವೈದ್ಯರು ಐದೂವರೆ ವರ್ಷ ಕಲಿತು ಬಂದವರು. ಅವರು ರೋಗಿಯನ್ನು ಕೂರಿಸಿಕೊಂಡು ನಿದ್ದೆ ಹೇಗೆ, ಊಟ ಹೇಗೆ, ಮನೆಯಲ್ಲಿ ಚಿಂತೆ ಏನು ಎಂದು ಕೇಳುತ್ತಾರೆ. ನಮ್ಮ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗ್ಗೆಯಿಂದ ಸಾಲು ನಿಂತ ಮನುಷ್ಯನಿಗೆ ಡಾಕ್ಟರ ಮುಂದೆ ಸಿಗುವುದು ಒಂದೆರಡು ನಿಮಿಷ. ಆಮೇಲೆ ನನ್ನ ಕಿಟಕಿ. ಅಲ್ಲಿ ಅದೂ ಇಲ್ಲ. ಹೆಂಗಸರು ಎಷ್ಟೋ ನೋವನ್ನು ಆ ಸಾಲಿನಲ್ಲಿ ಬಾಯಿ ಬಿಟ್ಟು ಹೇಳಲಾರದೆ ವಾಪಸ್ ಹೋಗುತ್ತಾರೆ. ಅವರ ಮಾತು ಕೇಳುವವರ ಹತ್ತಿರ ಹೋದರೆ ಅದರಲ್ಲಿ ತಪ್ಪು ಹುಡುಕುವ ಹಕ್ಕು ನಮಗಿಲ್ಲ. ಹೋಮಿಯೋಪತಿಯಿಂದ ಸರ್ಕಾರಿ ಆಸ್ಪತ್ರೆ ಕಲಿಯಬೇಕಾದ್ದು ಏನಾದರೂ ಇದ್ದರೆ ಅದು ಈ ಕೇಳುವ ಗುಣ.

ಆದರೆ ಕೇಳುವ ಗುಣದ ಜೊತೆ ಕಳಿಸುವ ಗುಣವೂ ಇರಬೇಕು. ಒಳ್ಳೆಯ ಹೋಮಿಯೋಪತಿ ವೈದ್ಯರನ್ನು ನಾನು ಗುರುತಿಸುವುದು ಇದೊಂದರಿಂದ. ಎದೆನೋವು ಎಂದು ಬಂದವರಿಗೆ ಗುಳಿಗೆ ಕೊಡದೆ, ತಡಮಾಡಬೇಡಿ, ಹಿರಿಯೂರಿಗೆ ಹೋಗಿ ಇ.ಸಿ.ಜಿ. ಮಾಡಿಸಿ ಎಂದು ಗಾಡಿ ಹತ್ತಿಸುವವರು ಅವರಲ್ಲಿ ಇದ್ದಾರೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎನ್ನುವವರು ಇದ್ದಾರೆ. ಆದರೆ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ನಿಲ್ಲಿಸಿ ಎಂದು ಹೇಳುವವರೂ ಇದ್ದಾರೆ. ಇನ್ಸುಲಿನ್ ನಿಲ್ಲಿಸಿದ ಎಳೆಯ ವಯಸ್ಸಿನ ರೋಗಿ ಕೆಲವೇ ದಿನಗಳಲ್ಲಿ ಎಚ್ಚರ ತಪ್ಪಿ ಬೀಳಬಹುದು. ಸಕ್ಕರೆ ಕಾಯಿಲೆ, ಮೂರ್ಛೆ, ಕ್ಯಾನ್ಸರ್ ಮೊದಲಾದವನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಆಗಲೇ ನಿಷೇಧಿಸಿದೆ. ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ ಅಂಥ ಚೀಟಿ ಕಂಡರೆ ಅದು ಯಾವ ಪದ್ಧತಿಯದ್ದೇ ಆಗಿರಲಿ ಕಾನೂನಿಗೆ ವಿರುದ್ಧ.

ಹಾವಿನ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಕಡಲೆಕಾಯಿ ಕೀಳುವ ಕಾಲದಲ್ಲಿ, ರಾತ್ರಿ ನೀರು ಹಾಯಿಸಲು ಹೋದಾಗ ಹಾವು ಕಚ್ಚುವುದು ನಿಮಗೆ ಹೊಸದಲ್ಲ. ಹೋಮಿಯೋಪತಿಯಲ್ಲಿ ಹಾವಿನ ವಿಷದಿಂದ ಮಾಡಿದ ಔಷಧಗಳಿವೆ. ಹೆರಿಂಗ್ ಎಂಬ ವೈದ್ಯರು 1828ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ಒಂದು ಘೋರ ಹಾವಿನ ವಿಷ ತೆಗೆದು 'ಲಾಕೆಸಿಸ್' ಮಾಡಿದರು. ನಮ್ಮ ನಾಗರಹಾವಿನದು 'ನಾಜಾ'. ಹೆಸರು ಕೇಳಿದರೆ ಹಾವು ಕಚ್ಚಿದ್ದಕ್ಕೆ ಇದೇ ಮದ್ದು ಎಂದು ಜನ ಅಂದುಕೊಳ್ಳುವುದು ಸಹಜ. ಹಾಗಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಒಂದೇ ಮದ್ದು, ಕುದುರೆಯ ರಕ್ತದಿಂದ ಮಾಡಿದ ಪ್ರತಿವಿಷ. ಅದು ರಕ್ತನಾಳಕ್ಕೆ ಹೋಗಬೇಕು. ಮೊದಲ ಸರದಿಗೇ ಸಾಮಾನ್ಯವಾಗಿ 8ರಿಂದ 10 ವಯಲ್ ಬೇಕಾಗುತ್ತದೆ. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ತುಂಬಾ ಒಳ್ಳೆಯ ಕೆಲಸ. ಹುಚ್ಚುನಾಯಿ ಕಚ್ಚಿದರೂ ಇದೇ ಮಾತು: ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಲಸಿಕೆಗೆ ಓಡಬೇಕು. ಬೇರೆ ಯಾವ ಗುಳಿಗೆಯೂ ಅಲ್ಲಿ ನಡೆಯುವುದಿಲ್ಲ.

ಇನ್ನು ಕಲಿಕೆಯ ವಿಷಯ. ನಾನು ಇವತ್ತು ಬಂದದ್ದೇ ಇದಕ್ಕೆ.

ನಮ್ಮ ದೇಶದಲ್ಲಿ ಮೆಡಿಕಲ್ ಶಾಪಿನಲ್ಲಿ ಔಷಧ ಕೊಡುವವರು 1948ರ ಫಾರ್ಮಸಿ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಎರಡು ವರ್ಷದ ಡಿ.ಫಾರ್ಮ, ಆಮೇಲೆ 500 ಗಂಟೆಯ ಪ್ರಾಯೋಗಿಕ ತರಬೇತಿ. ಈ ಪಠ್ಯದಲ್ಲಿ ಹೋಮಿಯೋಪತಿಗೆ ಇರುವ ಜಾಗ ಎಷ್ಟು ಗೊತ್ತೇ? ಔಷಧ ಸಸ್ಯಗಳ ಬಗ್ಗೆ ಹೇಳುವ ಫಾರ್ಮಕಾಗ್ನಸಿ ಎಂಬ ವಿಷಯದಲ್ಲಿ, ಆಯುರ್ವೇದ, ಸಿದ್ಧ, ಯುನಾನಿ ಜೊತೆ ಸೇರಿಸಿ, ಮೂಲ ತತ್ವಗಳು ಎಂದು ಒಂದು ಸಾಲು. ಬಿ.ಫಾರ್ಮದಲ್ಲೂ ಹೆಚ್ಚು ಕಡಿಮೆ ಇಷ್ಟೇ. ಪರೀಕ್ಷೆಗೆ ಬಂದರೆ ಹುಡುಗರು ಹಾನಿಮನ್ ಹೆಸರು, ಸಮಾನ ಸಮಾನವನ್ನು ಕಳೆಯುತ್ತದೆ ಎಂಬ ತತ್ವ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಆ ತತ್ವ ಪರೀಕ್ಷೆಯಲ್ಲಿ ನಿಂತಿತೇ ಬಿದ್ದಿತೇ ಎಂದು ಆ ಸಾಲು ಹೇಳುವುದಿಲ್ಲ. ಮದರ್ ಟಿಂಕ್ಚರಿಗೂ 30ಸಿಗೂ ಇರುವ ಅಂತರ ಏನು, ರೋಗಿ ಎರಡು ಔಷಧ ಒಟ್ಟಿಗೆ ತಂದರೆ ಏನು ಹೇಳಬೇಕು, ಯಾವುದನ್ನು ಬಿಡಬಾರದು, ಇದು ಯಾವುದೂ ಅಲ್ಲಿಲ್ಲ.

ಹೋಮಿಯೋಪತಿ ಔಷಧವನ್ನೇ ಕೊಡುವವರ ಸ್ಥಿತಿ ಇನ್ನೂ ವಿಚಿತ್ರ. ವೈದ್ಯರ ಶಿಕ್ಷಣಕ್ಕೆ 1973ರಲ್ಲೇ ಕೇಂದ್ರ ಕಾಯ್ದೆ ಬಂತು. 2020ರಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ಹೋಮಿಯೋಪತಿ ಆಯೋಗದ ಕಾಯ್ದೆ ಬಂತು. ಎರಡೂ ವೈದ್ಯರ ಬಗ್ಗೆ. ಔಷಧ ತಯಾರಿಕೆ ಮತ್ತು ಮಾರಾಟಕ್ಕೆ 1940ರ ಔಷಧ ಕಾಯ್ದೆಯ ನಿಯಮಗಳಿವೆ. ಆಯುರ್ವೇದ, ಸಿದ್ಧ, ಯುನಾನಿ ಔಷಧಗಳಿಗೆ ಆ ಕಾಯ್ದೆಯಲ್ಲಿ ಬೇರೆಯದೇ ಅಧ್ಯಾಯ ಇದ್ದರೆ, ಹೋಮಿಯೋಪತಿ ಔಷಧ ಅಲೋಪತಿ ಔಷಧದ ಅಧ್ಯಾಯದಲ್ಲೇ ಇದೆ. ಆದರೆ ಅದನ್ನು ಅಳೆದು, ಬೆರೆಸಿ, ರೋಗಿಯ ಕೈಗೆ ಕೊಡುವ ಮನುಷ್ಯನಿಗೆ ರಾಷ್ಟ್ರಮಟ್ಟದಲ್ಲಿ ಒಂದು ಮಂಡಳಿ ಇಲ್ಲ, ಒಂದೇ ಪಠ್ಯವಿಲ್ಲ. ಅಂಥ ಮಂಡಳಿಗಾಗಿ 2005ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ. ಕೇರಳದಲ್ಲಿ ಸರ್ಕಾರಿ ಹೋಮಿಯೋಪತಿ ಕಾಲೇಜುಗಳಲ್ಲಿ ಇದಕ್ಕೆಂದೇ ಸರ್ಟಿಫಿಕೇಟ್ ಕೋರ್ಸ್ ನಡೆಯುತ್ತದೆ. ಕಾಸರಗೋಡಿನ ಕನ್ನಡಿಗರು ಪಂಚಾಯಿತಿಯ ಹೋಮಿಯೋ ಡಿಸ್ಪೆನ್ಸರಿಗೆ ಹೋದರೆ ಕಲಿತವರ ಕೈಯಿಂದ ಔಷಧ ಸಿಗುವ ಸಾಧ್ಯತೆ ಹೆಚ್ಚು.

ಸಕ್ಕರೆ ಗುಳಿಗೆ ತಾನೇ, ಅದನ್ನು ಕೊಡುವುದಕ್ಕೆ ಯಾಕೆ ಇಷ್ಟು ಕಲಿಕೆ ಎಂದು ನೀವು ಕೇಳಬಹುದು. ಎರಡು ಪ್ರಸಂಗ ಹೇಳುತ್ತೇನೆ. 2021ರ ಮೇ ತಿಂಗಳಲ್ಲಿ, ಕೋವಿಡ್ ಲಾಕ್‌ಡೌನಿನ ನಡುವೆ, ಛತ್ತೀಸ್‌ಗಢದ ಬಿಲಾಸಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮದ್ಯದ ಬದಲು 'ಡ್ರಾಸೆರಾ 30' ಎಂಬ ಹೋಮಿಯೋಪತಿ ದ್ರವ ಕುಡಿದು ಹಲವರು ಸತ್ತರು. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಆಲ್ಕೋಹಾಲ್ ಇತ್ತು. ನೂರಕ್ಕೆ 12ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಹೋಮಿಯೋಪತಿ ಔಷಧವನ್ನು 30 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ಚಿಲ್ಲರೆಯಾಗಿ ಮಾರಬಾರದು ಎಂಬ ನಿಯಮ ಇರುವುದು ಇದಕ್ಕೇ. ಆ ನಿಯಮ ಅಂಗಡಿಯವನಿಗೆ ಗೊತ್ತಿರಬೇಕಲ್ಲ? ಇನ್ನೊಂದು, ಅಮೆರಿಕದಲ್ಲಿ ಹಲ್ಲು ಬರುವ ಕೂಸುಗಳಿಗೆ ಕೊಡುತ್ತಿದ್ದ ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲ್ಲಡೋನಾ ವಿಷ ಒಂದೊಂದು ಮಾತ್ರೆಯಲ್ಲಿ ಒಂದೊಂದು ಪ್ರಮಾಣದಲ್ಲಿ, ಕೆಲವದರಲ್ಲಿ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚಾಗಿ ಇರುವುದನ್ನು ಅಲ್ಲಿನ ಔಷಧ ಆಡಳಿತ 2017ರಲ್ಲಿ ಪತ್ತೆಮಾಡಿತು. ಸರಿಯಾಗಿ ತೆಳು ಮಾಡದಿದ್ದರೆ ಗುಳಿಗೆ ಬರೀ ಸಕ್ಕರೆಯಾಗಿ ಉಳಿಯುವುದಿಲ್ಲ. ಕಾಸರಕದ, ಎಕ್ಕದ ಮದರ್ ಟಿಂಕ್ಚರನ್ನು ಚಮಚದಲ್ಲಿ ಅಳೆದು ಕುಡಿಯುವವರನ್ನು ಇನ್ನೇನು ಹೇಳಿ ತಡೆಯುತ್ತೀರಿ?

ಆದ್ದರಿಂದ ನನ್ನ ಮಾತು ಇಷ್ಟು. ಹೋಮಿಯೋಪತಿ ಫಾರ್ಮಸಿ ಪಠ್ಯದಲ್ಲಿ ಇರಬೇಕು. ಈಗಿರುವುದಕ್ಕಿಂತ ಹೆಚ್ಚಾಗಿಯೇ ಇರಬೇಕು. ಆದರೆ ಪ್ಯಾರಸಿಟಮಾಲ್, ಮೆಟ್‌ಫಾರ್ಮಿನ್‌ಗಳ ಸಾಲಿನಲ್ಲಿ, ಸಾಬೀತಾದ ಚಿಕಿತ್ಸೆ ಎಂಬಂತೆ ಅಲ್ಲ. ಅದು ಏನು, ಹೇಗೆ ಮಾಡುತ್ತಾರೆ, ಲೇಬಲ್ ಓದುವುದು ಹೇಗೆ, ಕಾನೂನು ಏನು, ಪುರಾವೆ ಏನು ಹೇಳುತ್ತದೆ, ಅದನ್ನು ತೆಗೆದುಕೊಳ್ಳುತ್ತಿರುವ ರೋಗಿಯ ಜೊತೆ ಮರ್ಯಾದೆಯಿಂದ ಮಾತಾಡುವುದು ಹೇಗೆ, ಇಷ್ಟನ್ನು ನೇರವಾಗಿ ಕಲಿಸಬೇಕು. ಚಿತ್ರದುರ್ಗದಲ್ಲೇ ಫಾರ್ಮಸಿ ಕಾಲೇಜಿದೆ. ನಮ್ಮ ಮಕ್ಕಳು ಅಲ್ಲಿ ಓದುತ್ತಾರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮೆಡಿಕಲ್ ಶಾಪುಗಳಲ್ಲಿ ನಿಲ್ಲುತ್ತಾರೆ. ಆ ಹುಡುಗಿಗೋ ಹುಡುಗನಿಗೋ, "ಅಮ್ಮಾ, ಗುಳಿಗೆ ಬೇಕಾದರೆ ತಗೊಳ್ಳಿ, ಬಿಪಿ ಮಾತ್ರೆ ಮಾತ್ರ ಒಂದು ದಿನವೂ ಬಿಡಬೇಡಿ" ಎಂದು ಹೇಳುವ ಧೈರ್ಯ ಬಂದರೆ ಎಷ್ಟೋ ಲಕ್ವ ತಪ್ಪುತ್ತದೆ. ನಂಬಿಕೆಯನ್ನು ಹೀಯಾಳಿಸಿದರೆ ಆ ತಾಯಿ ನಾಳೆ ನಮ್ಮ ಕಿಟಕಿಗೆ ಬರುವುದೇ ಇಲ್ಲ. ಇದನ್ನು ಕಿಟಕಿಯ ಹಿಂದೆ ನಿಂತವರೆಲ್ಲ ಬಲ್ಲರು.

ಸರ್ಕಾರಿ ಆಸ್ಪತ್ರೆಗಳ ವಿಷಯದಲ್ಲಿ ಇನ್ನೂ ಖಡಾಖಂಡಿತವಾಗಿ ಹೇಳಬೇಕಾಗಿದೆ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಆಯುರ್ವೇದ, ಹೋಮಿಯೋಪತಿ ಮೊದಲಾದ ಆಯುಷ್ ಪದ್ಧತಿಗಳ ವೈದ್ಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತರುವ ನೀತಿ ಬಂತು. 2014ರಲ್ಲಿ ಆಯುಷ್‌ಗೆ ಪ್ರತ್ಯೇಕ ಸಚಿವಾಲಯವೇ ಆಯಿತು. ರೋಗಿಗೆ ಆಯ್ಕೆ ಇರಲಿ ಎಂಬುದು ಅದರ ಉದ್ದೇಶ. ಆದರೆ ಎಂ.ಬಿ.ಬಿ.ಎಸ್. ವೈದ್ಯರು ಹಳ್ಳಿಗೆ ಬರದ ಕಡೆ ಆಯುಷ್ ವೈದ್ಯರೇ ಒಬ್ಬರಾಗಿ ಉಳಿದುಬಿಡುತ್ತಾರೆ. ಆಗ ರೋಗಿಗೆ ಆಯ್ಕೆ ಎಲ್ಲಿ ಉಳಿಯಿತು? ಅವರು ಕಲಿತದ್ದು ಹೋಮಿಯೋಪತಿ, ಮುಂದಿರುವುದು ಟೈಫಾಯಿಡ್. 1996ರಲ್ಲಿ ಮುಂಬೈನ ಒಂದು ಪ್ರಕರಣದಲ್ಲಿ, ಹೋಮಿಯೋಪತಿ ಕಲಿತ ವೈದ್ಯರು ಅಲೋಪತಿ ಔಷಧ ಕೊಟ್ಟು ರೋಗಿ ತೀರಿಕೊಂಡಾಗ, ಕಲಿಯದ ಪದ್ಧತಿಯ ಔಷಧ ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನೆರೆಯ ಮಹಾರಾಷ್ಟ್ರ 2014ರಲ್ಲಿ ಕಾಯ್ದೆ ತಿದ್ದಿ, ಹೋಮಿಯೋಪತಿ ವೈದ್ಯರಿಗೆ ಆಧುನಿಕ ಔಷಧಶಾಸ್ತ್ರದ ಒಂದು ವರ್ಷದ ಕೋರ್ಸ್ ಮುಗಿಸಿದರೆ ಅಲೋಪತಿ ಔಷಧ ಬರೆಯಲು ಅವಕಾಶ ಮಾಡಿತು. ಆ ಜಗಳ ಇಂದಿಗೂ ತೀರಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ವೈದ್ಯರ ಕೊರತೆಯನ್ನು ಕೋರ್ಸಿನಿಂದ ಮುಚ್ಚುವುದು ಹಳ್ಳಿಯವರಿಗೆ ಎರಡನೇ ದರ್ಜೆಯ ಚಿಕಿತ್ಸೆ ಸಾಕು ಎಂದು ಹೇಳಿದ ಹಾಗೆ. ಅದೇ ಕೋರ್ಸ್ ಮುಗಿಸಿದವರನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಐ.ಸಿ.ಯು.ನಲ್ಲಿ ಒಬ್ಬರನ್ನೇ ಕೂರಿಸಲು ಯಾರೂ ಒಪ್ಪುವುದಿಲ್ಲ. ಹರಿಯಬ್ಬೆಯ ಕಡೆಯವರ ಪ್ರಾಣಕ್ಕೆ ಬೆಲೆ ಕಡಿಮೆಯೇ?

ಹೋಮಿಯೋಪತಿ ಕಲಿತು ಸರ್ಕಾರಿ ಕೆಲಸಕ್ಕೆ ಬಂದವರನ್ನು ಹೊರಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಅವರು ದೇಹರಚನೆ ಓದಿದ್ದಾರೆ, ರೋಗಲಕ್ಷಣ ಓದಿದ್ದಾರೆ, ಜನರ ಜೊತೆ ಕೂತು ಮಾತಾಡಬಲ್ಲರು. ಬಿಪಿ, ಸಕ್ಕರೆ ತಪಾಸಣೆ, ಕ್ಷಯರೋಗಿಗಳು ಆರು ತಿಂಗಳ ಮಾತ್ರೆ ಬಿಡದಂತೆ ನೋಡಿಕೊಳ್ಳುವುದು, ಬಸುರಿಯರ ರಕ್ತಹೀನತೆ, ಕುಡಿತ ಬಿಡಿಸುವ ಸಲಹೆ, ನಮ್ಮ ಜಿಲ್ಲೆಯ ಕೊಳವೆ ಬಾವಿಯ ಫ್ಲೋರೈಡ್ ನೀರಿನಿಂದ ಹಲ್ಲು ಮೂಳೆ ಕೆಟ್ಟವರನ್ನು ಗುರುತಿಸುವುದು, ಇಂಥ ನೂರು ಕೆಲಸ ಕಾದಿವೆ. ಅವಕ್ಕೆ ಅವರನ್ನು ತರಬೇತಿ ಕೊಟ್ಟು ತೊಡಗಿಸಲಿ. ಆದರೆ ಸಾಂಕ್ರಾಮಿಕ ಬಂದಾಗ ಗುಳಿಗೆ ಹಂಚಿ ರಕ್ಷಣೆ ಸಿಕ್ಕಿತು ಎಂಬ ಭ್ರಮೆ ಹುಟ್ಟಿಸಬಾರದು. 2020ರ ಜನವರಿಯಲ್ಲಿ ಆಯುಷ್ ಸಚಿವಾಲಯ 'ಆರ್ಸೆನಿಕಮ್ ಆಲ್ಬಮ್ 30' ತೆಗೆದುಕೊಳ್ಳಬಹುದು ಎಂದು ಸಲಹೆ ಕೊಟ್ಟ ಮೇಲೆ ಹಲವು ರಾಜ್ಯಗಳಲ್ಲಿ ಅದನ್ನು ಮನೆಮನೆಗೆ ಹಂಚಿದರು. ಕೋವಿಡ್‌ನಿಂದ ಜನರನ್ನು ಉಳಿಸಿದ್ದು ಲಸಿಕೆ, ಆಮ್ಲಜನಕ, ದಾದಿಯರ ಆರೈಕೆ. ಸರ್ಕಾರದ ಒಂದೊಂದು ರೂಪಾಯಿಯೂ ಮೊದಲು ಅವಕ್ಕೆ ಹೋಗಬೇಕು.

ಈ ಸಭೆ ಮುಗಿಸಿ ಹೋದ ಮೇಲೆ ನೀವು ಮಾಡಬಹುದಾದ ಎರಡು ಕೆಲಸ ಹೇಳಿ ಮುಗಿಸುತ್ತೇನೆ. ಮನೆಯಲ್ಲಿರುವ ಹೋಮಿಯೋಪತಿ ಬಾಟಲಿಯ ಚೀಟಿ ಓದಿ. ಹೆಸರು, 30, 200ರಂಥ ಶಕ್ತಿಯ ಸಂಖ್ಯೆ, ಆಲ್ಕೋಹಾಲ್ ಪ್ರಮಾಣ ಅದರ ಮೇಲೆ ಇರಬೇಕು. ಚೀಟಿಯೇ ಇಲ್ಲದ ಔಷಧವನ್ನು ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ, ಮತ್ತು ಡಾಕ್ಟರನ್ನು ಕೇಳದೆ ಹಳೆಯ ಮಾತ್ರೆ ನಿಲ್ಲಿಸಬೇಡಿ. ಎರಡನೆಯದು, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇವತ್ತು ಹಾವಿನ ಪ್ರತಿವಿಷ ಎಷ್ಟು ವಯಲ್ ಇದೆ, ಹುಚ್ಚುನಾಯಿ ಲಸಿಕೆ ಇದೆಯೇ, ಇನ್ಸುಲಿನ್ ಇದೆಯೇ, ಅದನ್ನು ಕೊಡಲು ಕಲಿತ ಫಾರ್ಮಸಿಸ್ಟ್ ಹುದ್ದೆ ಭರ್ತಿಯಾಗಿದೆಯೇ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಿ.